ಎದುರು ಮನೆಯ ಪರದೇಶ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಿಂದ ಪರದೇಶಕ್ಕೆ ಹೋಗಿ ಬಂದವರು ಇನ್ನೂ ಕೆಲವರು ಇರಬಹುದು. ಆದರೆ ಮೊದಲು ಎದುರು ಮನೆಯಲ್ಲಿ ಇಳಿದು, ಅಲ್ಲಿಯೇ ಒಂದು ಮಳೆಗಾಲ ಕಳೆದು, ಆಮೇಲೆ ಯುರೋಪಿಗೆ ಹೋದವರು ನನ್ನ ಸೋದರಮಾವ ಒಬ್ಬರೇ! ಅವರು ವಿಮಾನದಲ್ಲಿ ಹೋದ ದೂರವನ್ನು ಯಾರು ಬೇಕಾದರೂ ಹೇಳಿಯಾರು. ನಮ್ಮ ಹೊಸ್ತಿಲಿನಿಂದ ಎದುರು ಮನೆಯ ಕಟ್ಟೆಯ ತನಕದ ದೂರವನ್ನು ಕೇಳಬೇಕಾದರೆ ನನ್ನನ್ನೇ ಕೇಳಬೇಕು. ಅದನ್ನು ನಡೆದವನು ನಾನು. ಪರದೇಶಕ್ಕೆ ಹೋದವರು ಅವರು, ದಣಿದವನು ನಾನು. ಈಗಲೂ ಯಾರಾದರೂ ಪ್ರವಾಸದ ಮಾತು ತೆಗೆದರೆ ನನ್ನ ಮೊಣಕಾಲು ಜುಮ್ಮೆನ್ನುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೆಲವು ನಾನು ಕಂಡದ್ದು, ಕೆಲವು ಕೇಳಿದ್ದು, ಕೆಲವು ಎಲ್ಲರೂ ಹೇಳಿ ಹೇಳಿ ಸವೆದು ನುಣ್ಣಗಾದದ್ದು. ನುಣ್ಣಗಾದ ನೆನಪಿನ ಮೇಲೆ ನನಗೆ ವಿಶ್ವಾಸ ಕಡಿಮೆ. ಎಲ್ಲಿ ಕತೆ ತೀರ ಚೆಂದಾಗಿ ಕೂಡಿಬರುತ್ತದೋ ಅಲ್ಲಿ ನೀವೂ ಸ್ವಲ್ಪ ಅನುಮಾನ ಪಡಿರಿ.

ಮಾವ ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು, ಉಳಿದ ಹೊತ್ತಿನಲ್ಲಿ ಕತೆಗಾರರು. ಮದುವೆಯಾಗಿರಲಿಲ್ಲ. ನಮ್ಮಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದವಳು ಅಲ್ಲಿಯೇ ಉಳಿದಳು. ಅವ್ವನಿಗೆ ಉಬ್ಬಸ. ಮಳೆ ಹಿಡಿಯಿತೆಂದರೆ ಅವಳ ಎದೆಯೊಳಗೆ ಯಾವುದೋ ಹಳೆಯ ಬಾಗಿಲು ತೆರೆದು ಮುಚ್ಚಿದ ಸದ್ದು. ನಾನಂತೂ ಅಷ್ಟೊತ್ತಿಗೆ ಮೂವತ್ತು ದಾಟಿ, ಹತ್ತಿ ದಲಾಲರ ಅಂಗಡಿಯಲ್ಲಿ ಗುಮಾಸ್ತನಾಗಿ, ಸಂಜೆ ತಲೆಯ ತುಂಬ ಅರಳೆ ಹೊತ್ತುಕೊಂಡು ಮನೆಗೆ ಬರುವವನಾಗಿದ್ದೆ.

ಮಾವ ಕತೆಗಾರರೆಂದು ಹೆಸರಾದದ್ದು ದೂರದೂರಿನಲ್ಲಿ. ನಮ್ಮ ಕಡೆ ಅವರು ಹೆಸರಾದದ್ದು ಅರ್ಧ ದಾರಿಯಿಂದ ಹೊಳ್ಳಿ ಬರುವುದಕ್ಕೆ!

ಹಿರೇಕೆರೂರಿನವರು ಒಮ್ಮೆ ಸಭೆಯ ಅಧ್ಯಕ್ಷರಾಗಲು ಕರೆದರು. ಸಂತೆಯ ದಿನ ತಪ್ಪಿಸಿ, ಚಪ್ಪರ ಹಾಕಿ, ಹಾರ ತರಿಸಿ ಕಾದರು. ಮಾವ ಹಾನಗಲ್ಲಿನ ತನಕ ಹೋಗಿ, ಅಲ್ಲಿ ಬಸ್ಸು ಬದಲಿಸುವಾಗ ನಶ್ಯದ ಡಬ್ಬಿ ಮರೆತದ್ದು ನೆನಪಾಗಿ ವಾಪಸು ಬಂದರು. ಹಾನಗಲ್ಲಿನಲ್ಲಿ ನಶ್ಯ ಸಿಗುವುದಿಲ್ಲವೇ? ನಶ್ಯವೂ ಸಿಗುತ್ತದೆ, ಡಬ್ಬಿಯೂ ಸಿಗುತ್ತದೆ! ಹಿರೇಕೆರೂರಿನವರು ಹಾರ ಬಾಡಿಹೋದೀತೆಂದು ಖುರ್ಚಿಗೇ ಹಾಕಿ, ಖುರ್ಚಿಯ ಬಗ್ಗೆಯೇ ನಾಲ್ಕು ಒಳ್ಳೆಯ ಮಾತಾಡಿ ಸಭೆ ಮುಗಿಸಿದರು. "ಇಷ್ಟ ಕಡಿಮಿ ಮಾತಾಡೂ ಅಧ್ಯಕ್ಷರು ನಮಗ ಸಿಕ್ಕಿದ್ದೇ ಇಲ್ಲ" ಎಂದು ಆಮೇಲೆ ಯಾರೋ ಹೊಗಳಿದರಂತೆ.

ಹೆಣ್ಣು ನೋಡಲಿಕ್ಕೆ ಹಾನಗಲ್ಲಿಗೆ ಹೊರಟಾಗ ಅಷ್ಟೂ ದೂರ ಹೋಗಲಿಲ್ಲ. ಬಂಕಾಪುರದಲ್ಲಿಯೇ ಮಫ್ಲರು ಮರೆತದ್ದು ಹೊಳೆಯಿತು. ಸುಡು ಬಿಸಿಲಿನ ಏಪ್ರಿಲ್ ತಿಂಗಳು! ಹೆಣ್ಣಿನವರು ಮಾಡಿಟ್ಟ ಶಿರಾ, ಉಪ್ಪಿಟ್ಟು ತಾವೇ ತಿಂದು, ಬೇರೆ ಗಂಡು ಹುಡುಕಿದರು. ಆ ಹುಡುಗಿಯ ಮಗ ಮುಂದೆ ಸವಣೂರಿಗೇ ಬಂದು ಮಾವನ ವರ್ಗದಲ್ಲಿ ಕೂತ. ಎಷ್ಟು ತಪ್ಪು ಬರೆದರೂ ಮಾವ ಅವನಿಗೆ ಒಂದು ದಿನವೂ ಬಯ್ಯಲಿಲ್ಲ.

ಹೀಗೆ ಹೊಳ್ಳಿ ಬಂದವರು ಹೊಸ್ತಿಲ ಹೊರಗೆ ನಿಂತು ಕೂಗುವರು.

"ಅಕ್ಕಾ, ಅದೀಯೇನ?"

"ಅದೇನಪಾ. ನಾ ಎಲ್ಲಿ ಹೋಗ್ಲಿ?"

"ಡಬ್ಬಿ ಮರ್ತಿದ್ದೆ."

ಡಬ್ಬಿ ತೆಗೆದುಕೊಳ್ಳುವರು, ಒಂದು ತಂಬಿಗೆ ನೀರು ಕುಡಿಯುವರು, "ಇನ್ನ ಹೊತ್ತಾತು, ಬಸ್ಸೂ ಹೋಗಿರತೈತಿ" ಎಂದು ಅಂಗಿ ಕಳಚಿ ಗೂಟಕ್ಕೆ ಹಾಕುವರು. ಮುಗಿಯಿತು ಪ್ರವಾಸ.

ಇಂಥವರಿಗೆ ಪರದೇಶದಿಂದ ಕರೆ ಬಂತು. ಅರವತ್ತರ ದಶಕದ ಮಾತು. ಯಾವ ವರ್ಷ ಎಂದು ಕೇಳಬೇಡಿ, ಮನೆಯಲ್ಲಿ ಮೂವರೂ ಮೂರು ವರ್ಷ ಹೇಳುತ್ತಿದ್ದೆವು. ಅವರ ಒಂದು ಕತೆ ಯಾರದೋ ಕೈಯಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಇನ್ನಾರದೋ ಕೈಯಿಂದ ಪ್ರಾಗ್ ಎಂಬ ಊರಿನವರ ಭಾಷೆಗೆ ಹೋಗಿತ್ತು. ಮಾವನಿಗಿಂತ ಅವರ ಕತೆಗೇ ಕಾಲು ಗಟ್ಟಿ! ಅಲ್ಲಿಯವರು ಲೇಖಕರ ಕೂಟಕ್ಕೆ ಬನ್ನಿ, ಎರಡು ತಿಂಗಳು ಇದ್ದು ಹೋಗಿ ಎಂದು ಕರೆದರು.

ಮಾವ ಹೋಗುತ್ತಾರೆಯೇ? ಊರಿಗೆ ಊರೇ ಈ ಪ್ರಶ್ನೆ ಹಿಡಿದುಕೊಂಡಿತು. ಕೆಲವರು ಹುಬ್ಬಳ್ಳಿಯಿಂದ ಹೊಳ್ಳುತ್ತಾರೆಂದರು, ಕೆಲವರು ಪುಣೆಯಿಂದ. ನಮ್ಮ ಎದುರು ಮನೆಯಲ್ಲಿ ಎಲೆಯ ವ್ಯಾಪಾರದ ಸಾಹೇಬರಿದ್ದರು. ಸವಣೂರಿನ ವೀಳ್ಯದೆಲೆಯ ಬುಟ್ಟಿಗಳ ಜೊತೆ ಮುಂಬಯಿಗೆ ಹೋಗಿ ಬರುವವರು, ಆದ್ದರಿಂದ ನಮ್ಮ ಓಣಿಯಲ್ಲಿ ಜಗತ್ತಿನ ವಿಷಯಕ್ಕೆ ಅವರದೇ ಕೊನೆಯ ಮಾತು. ಅವರು ಹೇಳಿದರು: "ಮಾಸ್ತರು ವಿಮಾನ ಹತ್ತತಾರ, ಅದರಾಗ ಶಕ್ ಇಲ್ಲ. ಮ್ಯಾಲ ಹೋದಮ್ಯಾಲ, ಒಂದೀಟ ನಿಲ್ಲಸ್ರಿ, ಡಬ್ಬಿ ಮರ್ತೇನಿ ಅಂತಾರ."

ಆದರೆ ಈ ಸಲ ಮಾವನಿಗೆ ಆಸೆ ಇತ್ತು. ಶಾಲೆಯ ಪ್ಯೂನ್ ನನಗೆ ಹೇಳಿದ: ಐವತ್ತರ ಮನುಷ್ಯ, ಹುಡುಗರೆಲ್ಲ ಹೋದ ಮೇಲೆ ಗೋಡೆಯ ನಕಾಶೆಯ ಮುಂದೆ ನಿಂತು, ನಮ್ಮ ಸೀಮೆಯಿಂದ ಅಲ್ಲಿಯ ತನಕ ಬೆರಳು ಎಳೆದು, ಆ ಬೆರಳನ್ನು ತೆಗೆಯದೆ ಹಾಗೆಯೇ ನಿಂತಿದ್ದರಂತೆ. "ಮಾಸ್ತರ, ಬಾಗಲಾ ಹಾಕಬೇಕ್ರಿ" ಎಂದರೆ, "ಹಾಕಪಾ, ನಾ ಇಲ್ಲಿಲ್ಲ" ಎಂದರಂತೆ.

ಅವ್ವ ಇದನ್ನು ಕೇಳಿ ರೊಟ್ಟಿಯ ಹಂಚು ಕೆಳಗಿಳಿಸಿದಳು. ಆಮೇಲೆ ನನ್ನನ್ನು ಒಲೆಯ ಹತ್ತಿರ ಕರೆದಳು.

"ಈ ಸಲ ಅವಾ ಹೊಳ್ಳಿ ಬಂದ್ರ ಮುಗೀತು. ಇನ್ನ ಅವನ್ನ ಯಾರೂ ಕರಿಯಂಗಿಲ್ಲ."

"ಮರ್ತು ಬಂದ್ರ ಏನ್ ಮಾಡೂದವ್ವಾ? ಅವರ ಸ್ವಭಾವಾನ ಹಂಗ."

"ಅವಾ ಡಬ್ಬಿ ಮರ್ತು ಬರೂದಿಲ್ಲೋ ಹುಚ್ಚಾ. ನಾ ಉಸರಾಡಾಕತ್ತೇನೋ ಇಲ್ಲೋ ನೋಡಾಕ ಬರತಾನ. ಡಬ್ಬಿ ಬೇಕಂತನ ಬಿಟ್ಟು ಹೋಗತಾನ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಹೊಳೆದಿರಲಿಲ್ಲ. ದಣಿದ ಮನುಷ್ಯನಿಗೆ ಏನೂ ಹೊಳೆಯುವುದಿಲ್ಲ. ಅದೇ ದಣಿವಿನ ಒಂದು ಸುಖ.

ನಮ್ಮ ಕಡೆ ಪ್ರಸ್ಥಾನ ಇಡುವುದು ಎಂದು ಒಂದು ಪದ್ಧತಿಯಿದೆ. ಹೊರಡುವ ದಿನ ಒಳ್ಳೆಯದಿರುವುದಿಲ್ಲ. ಒಳ್ಳೆಯ ದಿನ ಬಸ್ಸು, ರಜೆ, ಕಾಗದ ಯಾವುದೂ ಕೂಡಿಬರುವುದಿಲ್ಲ. ಆಗ ಒಳ್ಳೆಯ ಗಳಿಗೆಯಲ್ಲಿ, ಹೋಗುವವನು ಉಟ್ಟ ವಸ್ತ್ರವೊಂದರಲ್ಲಿ ಅಕ್ಕಿ, ಅರಿಷಿಣ, ಅಡಿಕೆ, ಕೊಬ್ಬರಿ ಕಟ್ಟಿ, ಅವನು ಹೋಗಬೇಕಾದ ದಿಕ್ಕಿಗಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ಗಂಟು ಮೊದಲು ಹೋಗುತ್ತದೆ, ಮನುಷ್ಯ ಅನುಕೂಲ ನೋಡಿ ಹಿಂದಿನಿಂದ ಹೋಗುತ್ತಾನೆ. ಬೇರೆ ಮನೆಗಳಲ್ಲಿ ಇಷ್ಟೇ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಇನ್ನೆರಡು ಕಟ್ಟಳೆ ಇದ್ದವಂತೆ: ಪ್ರಸ್ಥಾನ ಇಟ್ಟವನು ಹೋಗಿ ಬರುವ ತನಕ ತನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು, ಹೊರಡುವುದು ತಡವಾದರೆ ಗಂಟು ಇನ್ನೂ ಮುಂದಕ್ಕೆ ಸಾಗಬೇಕು, ಹಿಂದಕ್ಕೆ ಬರಬಾರದು. ಇವು ನಿಜವಾಗಿಯೂ ಅಜ್ಜಿಯವೋ, ಆ ಬೆಳಿಗ್ಗೆ ಅವ್ವನೇ ಹುಟ್ಟಿಸಿದವೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದಾಗಲೆಲ್ಲ ಅವ್ವ, "ಒಲಿ ಮ್ಯಾಲ ಹಾಲೈತಿ" ಎಂದು ಎದ್ದು ಹೋಗುತ್ತಿದ್ದಳು.

ಮಾವ ಪಂಚಾಂಗವನ್ನು ಹಾಸ್ಯ ಮಾಡಿ ವಾರಪತ್ರಿಕೆಯಲ್ಲಿ ಲೇಖನ ಬರೆದವರು. ಅವರನ್ನು ಒಪ್ಪಿಸಿ ಪ್ರಸ್ಥಾನ ಇಡಿಸುವುದು ಆಗದ ಮಾತು. ಆದ್ದರಿಂದ ಅವ್ವ ಒಪ್ಪಿಸಲೇ ಇಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಮಾವ ಬನಿಯನ್ನಿನಲ್ಲಿ ಕೂತು ಗಡ್ಡ ಮಾಡಿಕೊಳ್ಳುತ್ತಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ಸಾಬೂನಿನ ನೊರೆ. ಅವ್ವ ಒಂದು ಗಂಟು ತಂದು ಕೈಗಿಟ್ಟಳು. "ತಮ್ಮಾ, ಇದನ್ನಷ್ಟ ಸಾಹೇಬರ ಮನ್ಯಾಗ ಇಟ್ಟು ಬಾ. ಲಗೂನ."

ಕತೆಗಾರರಿಗೆ ಕೈಗೆ ಕೊಟ್ಟದ್ದನ್ನು ನೋಡುವ ರೂಢಿ ಇರುವುದಿಲ್ಲ. ಮಾವ ಬರಿಗಾಲಲ್ಲಿ ಓಣಿ ದಾಟಿ ಇಟ್ಟು ಬಂದರು. ಬರುವಷ್ಟರಲ್ಲಿ ಅವ್ವ ಬಾಗಿಲಿನ ಎರಡೂ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದಳು.

"ಎಲ್ಲಿ ಬಂದೀ?"

"ಒಳಗ. ಗಡ್ಡಾ ಅರ್ಧಾ ಐತಿ."

"ನೀ ಪರದೇಶಕ್ಕ ಹೋಗಿ ಆತಪಾ. ಉಳದ ಗಡ್ಡಾ ಅಲ್ಲೇ ಮಾಡ್ಕೊ."

ಮಾವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನೊರೆಯ ಕೆನ್ನೆಯೂ ಕೆಂಪಾಯಿತು. "ಅಕ್ಕಾ! ಪಂಚಾಂಗದ ಮ್ಯಾಲ ನಾ ಏನ್ ಬರ್ದೇನಿ ಗೊತ್ತೈತಿಲ್ಲೋ? ಮಂದಿ ಏನಂದಾರು?"

"ನೀ ಬರ್ದದ್ದು ನನಗ ಓದಾಕ ಬರೂದಿಲ್ಲ. ನಾ ಇಟ್ಟದ್ದು ನಿನಗ ದಾಟಾಕ ಬರೂದಿಲ್ಲ. ಇಬ್ಬರದೂ ಸರಿ ಹೋತು."

ನಮ್ಮ ಬಾಗಿಲು ಪಡುವಣಕ್ಕೆ. ಪ್ರಾಗೂ ಅದೇ ಕಡೆಗಂತೆ. ಆದ್ದರಿಂದ ಎದುರು ಮನೆ. ಓಣಿಯ ಹಿರಿಯರೊಬ್ಬರು, "ಸಾಬರ ಮನ್ಯಾಗ ಪ್ರಸ್ಥಾನ ಇಡೂದು ಎಲ್ಲಿ ಶಾಸ್ತ್ರವಾ?" ಎಂದು ಅವ್ವನನ್ನು ಹಿಡಿದು ನಿಲ್ಲಿಸಿದರು. ಅವ್ವ ಹೇಳಿದಳು: "ಸೂರ್ಯಾ ದಿನಾ ಅವರ ಮಾಳಗಿ ಹಿಂದ ಮುಳುಗತಾನ. ಅವಗ ಇಲ್ಲದ ಶಾಸ್ತ್ರಾ ನನಗ್ಯಾಕ್ರಿ?"

ಸಾಹೇಬರಂತೂ ಕಟ್ಟೆಯ ಮೇಲೆ ಚಾಪೆ ಹಾಸಿಬಿಟ್ಟಿದ್ದರು. "ಬರ್ರಿ ಮಾಸ್ತರ, ಬರ್ರಿ! ಮುಸಾಫಿರ ಬೀದ್ಯಾಗ ನಿಲ್ಲಬಾರದು. ನಮ್ಮ ದೇಶಕ್ಕ ಬರ್ರಿ!"

ಹೀಗೆ ಮಧ್ಯವಯಸ್ಸು ದಾಟಿದ ನನ್ನ ಮಾವ ಬನಿಯನ್ನು, ಪಂಚೆ, ಅರ್ಧ ಗಡ್ಡದಲ್ಲಿ ತಮ್ಮ ಮೊದಲ ಪರದೇಶ ಪ್ರಯಾಣ ಕೈಗೊಂಡರು.

ಅವರು ಹೊಸ್ತಿಲನ್ನು ಒದ್ದು ಒಳಗೆ ಬರಬಹುದಾಗಿತ್ತಲ್ಲವೇ? ಬರಬಹುದಾಗಿತ್ತು. ಬರಲಿಲ್ಲ. ಯಾಕೆಂದು ಅವರನ್ನು ಕೇಳಿದ್ದೆ. "ಲೇಖಕಗ ಇಂಥಾ ಅನುಭವ ಬೇಕೋ" ಎಂದರು. ಇನ್ನೊಮ್ಮೆ ಕೇಳಿದಾಗ, "ಆಕಿ ಕೈ ತಗ್ಯೂದಿಲ್ಲ, ನಾ ಏನ್ ಮಾಡ್ಲಿ?" ಎಂದರು. ಎರಡೂ ಅವರದೇ ಮಾತು, ಎರಡನ್ನೂ ನಾನು ನಂಬುವುದಿಲ್ಲ.

ಒಂದೆರಡು ವಾರದ ಮಾತು ಎಂದುಕೊಂಡಿದ್ದೆವು. ದಿಲ್ಲಿಯಿಂದ ಬರಬೇಕಾದ ಪರವಾನಗಿಯ ಕಾಗದ ಬರಲಿಲ್ಲ. ಪ್ರಾಗಿನವರು ಕೂಟವನ್ನು ಮುಂದೂಡಿದರು. ಮಳೆಗಾಲ ಬಂತು. ಮಾವ ಸಾಹೇಬರ ಮುಂದಿನ ಕೋಣೆಯಲ್ಲಿ, ಒದ್ದೆ ಗೋಣಿ ಹೊದೆಸಿದ ಎಲೆಯ ಬುಟ್ಟಿಗಳ ನಡುವೆ ವಾಸವಾದರು. ದಿನಾ ಪರದೇಶದಿಂದ ಶಾಲೆಗೆ ಹೋಗಿ, ಸಂಜೆ ಪರದೇಶಕ್ಕೆ ಮರಳುತ್ತಿದ್ದರು. ಕಟ್ಟೆಯ ಮೇಲೆ ಕೂತು ನಮ್ಮ ಮನೆಯ ಕಡೆಗೆ ಕೂಗುವರು: "ಅಕ್ಕಾರ, ನಿಮ್ಮ ದೇಶದಾಗ ಇವತ್ತ ಏನ್ ಅಡಗಿರಿ?"

"ನಮ್ಮದು ಬಡ ದೇಶಪಾ. ರೊಟ್ಟಿ, ಬದನಿಕಾಯಿ."

"ಕಳಿಸ್ರಿ. ಬಡ ದೇಶಗಳ ಮ್ಯಾಲ ನಮಗ ಭಾಳ ಕಳಕಳಿ ಐತಿ."

ಕಳಿಸುವುದೆಂದರೆ ಯಾರು? ನಾನು. ಅಂಗಡಿಯಿಂದ ಬಂದು ತಲೆಯ ಅರಳೆಯನ್ನೂ ಕೊಡವಿಕೊಳ್ಳದೆ ತಾಟು ಹಿಡಿದು ಓಣಿ ದಾಟಬೇಕು. ದಾಟಿದ ಕೂಡಲೇ ಸಾಹೇ‌ಬರು ತಡೆಯುವರು. "ತಡೀರಿ, ತಡೀರಿ. ಹೊರದೇಶದ ಮಾಲು. ಜಕಾತಿ ಆಗಬೇಕು." ಜಕಾತಿಯೆಂದರೆ ಪಲ್ಯದಲ್ಲಿ ಅರ್ಧ. ನಾನು ಬರಿ ತಾಟು ಹಿಡಿದು ಹೊಳ್ಳುವಾಗ ಸಾಹೇಬರ ಮನೆಯಿಂದ ಏನಾದರೂ ಬರುತ್ತಿತ್ತು. ಅದನ್ನು ಹೊತ್ತು ಈ ಕಡೆ ದಾಟಬೇಕು. ಎರಡು ದೇಶಗಳ ಸ್ನೇಹ ಬೆಳೆದಷ್ಟೂ ನನ್ನ ಕಾಲು ಸವೆಯಿತು.

ಮುಳ್ಳುಚಮಚದ ಅಭ್ಯಾಸವೂ ಅಲ್ಲಿಯೇ ಆಯಿತು. ಸಾಹೇಬರು ಮುಂಬಯಿಯಿಂದ ಎಂದೋ ತಂದ ಒಂದು ಮುಳ್ಳುಚಮಚವನ್ನು ಹುಡುಕಿ ತೆಗೆದು, "ಎಡಗೈಯಾಗ ಹಿಡೀರಿ, ಮೆತ್ತಗ ಚುಚ್ರಿ" ಎಂದು ಪಾಠ ಶುರುಮಾಡಿದರು. ಜಗತ್ತಿನಲ್ಲಿ ಮುಳ್ಳುಚಮಚದಿಂದ ಚುಚ್ಚಲಾಗದ ಪದಾರ್ಥ ಒಂದಿದ್ದರೆ ಅದು ಅವ್ವ ಮಾಡಿದ ಕಟಕ ಜೋಳದ ರೊಟ್ಟಿ! ಮಾವ ಚುಚ್ಚಿದರು. ರೊಟ್ಟಿ ಸಿಡಿದು ಚೂರೊಂದು ಅಂಗಳಕ್ಕೆ ಹಾರಿತು. ಸಾಹೇಬರ ಕೋಳಿ ಓಡಿಬಂದು ತಿಂದಿತು. ನಮ್ಮ ತಾಲೂಕಿನಲ್ಲಿ ಯುರೋಪಿನ ರೀತಿಯಲ್ಲಿ ಊಟ ಮಾಡಿಸಿಕೊಂಡ ಮೊದಲ ಜೀವ ಅದು.

ಕೋಟಿನ ಕತೆ ಬೇರೆ. ನವಾಬರ ಕಾಲದಿಂದ ಶೇರವಾನಿ ಹೊಲಿದು ಕೈ ಪಳಗಿಸಿದ ಮುದುಕ ದರ್ಜಿಗೆ ಥಂಡಿ ದೇಶದ ಕೋಟು ಹೊಲಿಯಲು ಹೇಳಿದೆವು. ಅವನು ಎಲ್ಲ ಕೇಳಿ, ತಲೆದೂಗಿ, ಮೊಣಕಾಲ ತನಕದ ಶೇರವಾನಿಯನ್ನೇ ಹೊಲಿದ. "ಚೂರು ಉದ್ದ ಆತೇನೋ" ಎಂದರೆ, "ಥಂಡಿ ಕಾಲಿಂದನ ಹತ್ತತೈತ್ರಿ" ಎಂದ. ಮುಂದೆ ಪ್ರಾಗಿನಲ್ಲಿ ತೆಗೆದ ಒಂದು ಫೋಟೋ ಬಂತು. ಅದರಲ್ಲಿ ಎಲ್ಲ ದೇಶದ ಲೇಖಕರೂ ಮಾವನ ಕಡೆಗೆ ಸ್ವಲ್ಪ ಬಾಗಿ ನಿಂತಿದ್ದಾರೆ. ಇವರು ಯಾವುದೋ ಸಂಸ್ಥಾನದ ಅರಸರೆಂದೇ ಅವರ ಭಾವನೆ ಇದ್ದಿರಬೇಕು!

ಇಷ್ಟರಲ್ಲಿ ಅವ್ವ ಗಂಟಿನ ವಿಚಾರ ತೆಗೆದಳು. ತಡವಾಯಿತು, ಗಂಟು ಮುಂದಕ್ಕೆ ಸಾಗಬೇಕು. ಯಾರು ಸಾಗಿಸುವವರು? ಕೇಳುವುದೇ ಬೇಡ. ಒಂದು ರವಿವಾರ ಸಾಯಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಶಿಗ್ಗಾಂವಿಗೆ ಹೊರಟೆ. ಅಲ್ಲಿ ನಮ್ಮ ದೊಡ್ಡವ್ವ ಇದ್ದಳು, ಊರೂ ಪಡುವಣಕ್ಕೆ, ಹುಬ್ಬಳ್ಳಿಯ ಬಸ್ಸಿನ ದಾರಿಯ ಮೇಲೆ. ಅರ್ಧ ದಾರಿಯಲ್ಲಿ ಮಳೆ. ಇನ್ನರ್ಧ ದಾರಿಯಲ್ಲಿ ಪಂಕ್ಚರ್. ಕರಿಮಣ್ಣಿನ ಕೆಸರಿನಲ್ಲಿ ಸಾಯಕಲ್ಲನ್ನು ಎಳೆಯುತ್ತ, ಗಂಟು ತೊಯ್ಯದಂತೆ ಎದೆಗವಚಿಕೊಂಡು ಒಂದು ಚಹದಂಗಡಿಯ ತಟ್ಟಿಯ ಕೆಳಗೆ ನಿಂತೆ. ಅಂಗಡಿಯವನು ಕೇಳಿದ: "ಏನ್ರಿ ಅದು, ಅಷ್ಟ ಜ್ವಾಪಾನ ಮಾಡಾಕತ್ತೀರಿ?"

ನನಗೆ ವಿವರಿಸುವಷ್ಟು ಶಕ್ತಿ ಉಳಿದಿರಲಿಲ್ಲ. "ನಮ್ಮ ಸೋದರಮಾವ" ಎಂದೆ.

ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ಒಬ್ಬರು ಟೊಪ್ಪಿಗೆ ತೆಗೆದರು. "ಯಾವಾಗ ತೀರ್ಕೊಂಡ್ರಿ?"

"ತೀರಿಲ್ರಿ. ಸವಣೂರಾಗ ಎದರ ಮನ್ಯಾಗ ಅದಾರ."

ಚಹಕ್ಕೆ ರೊಕ್ಕ ತೆಗೆದುಕೊಳ್ಳಲಿಲ್ಲ. ದುಃಖದಲ್ಲಿ ಇವನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಪೂರ್ತಿ ತಪ್ಪೇನೂ ಅಲ್ಲ.

ಇಲ್ಲಿಯ ತನಕ ನಗುವ ಮಾತಾಯಿತು. ಇನ್ನು ಚಟ್ನಿಯ ಮಾತು.

ಮೊದಮೊದಲು ಅವ್ವನೇ ಒಮ್ಮೊಮ್ಮೆ ಓಣಿ ದಾಟಿ ಹೋಗಿ ತಮ್ಮನ ಹತ್ತಿರ ಕೂತು ಬರುತ್ತಿದ್ದಳು. ಮಳೆ ಬಲಿತ ಮೇಲೆ ಹೋಗುವುದನ್ನು ಬಿಟ್ಟಳು. ಆ ವರ್ಷ ಉಬ್ಬಸ ಕೆಟ್ಟದಾಗಿ ಬಂತು. ಕೆಮ್ಮು ಶುರುವಾದರೆ ಗೋಡೆ ಹಿಡಿದು ಕೂರುವಳು. ಡಾಕ್ಟರರು ಬಂದು ಹೋದರು, ಅದೂ ಹಿತ್ತಲ ಬಾಗಿಲಿನಿಂದ. ಅವ್ವನಿಗೆ ಒಂದೇ ಚಿಂತೆ: ಸದ್ದು ಓಣಿ ದಾಟಬಾರದು. ದಾಟಿದರೆ ಮಾವ ಹೊಸ್ತಿಲು ದಾಟುತ್ತಾರೆ. ಮಾವ ಹೊಸ್ತಿಲು ದಾಟಿದರೆ ಪ್ರಾಗ್ ಮುಗಿಯಿತು.

ಅದಕ್ಕೆ ಅವಳು ಕಂಡುಹಿಡಿದ ಉಪಾಯ, ಒಳಕಲ್ಲು. ಕೆಮ್ಮು ಬರುವ ಸೂಚನೆ ಕಂಡ ಕೂಡಲೇ ನನಗೆ ಕೈ ಮಾಡುವಳು. ನಾನು ಎಲ್ಲಿದ್ದರೂ ಓಡಿಬಂದು ಒಳಕಲ್ಲಿನಲ್ಲಿ ಶೇಂಗಾ ಹಾಕಿ ಧಡ್ ಧಡ್ ಎಂದು ಕುಟ್ಟಬೇಕು. ಕೆಮ್ಮು ನಿಲ್ಲುವ ತನಕ ಕುಟ್ಟಬೇಕು. ಬೆಳಿಗ್ಗೆ ಏಳುವ ಮೊದಲು ಕುಟ್ಟಿದ್ದೇನೆ. ಅಂಗಡಿಯಿಂದ ಬಂದು ಅಂಗಿ ಕಳಚದೆ ಕುಟ್ಟಿದ್ದೇನೆ. ಶೇಂಗಾ ಮುಗಿದರೆ ಗುರೆಳ್ಳು, ಗುರೆಳ್ಳು ಮುಗಿದರೆ ಅಗಸಿ, ಅದೂ ಮುಗಿದರೆ ಬರಿ ಕಲ್ಲು. ಕುಟ್ಟಿದ್ದನ್ನು ಏನು ಮಾಡುವುದು? ತಿನ್ನುವುದು! ಆ ಮಳೆಗಾಲದಲ್ಲಿ ನಾವು ತಿಂದಷ್ಟು ಚಟ್ನಿಯನ್ನು ಯಾವ ಮಠದ ದಾಸೋಹದಲ್ಲೂ ತಿಂದಿರಲಿಕ್ಕಿಲ್ಲ. ಮಾವನ ತಾಟಿನಲ್ಲಂತೂ ರೊಟ್ಟಿಗಿಂತ ಚಟ್ನಿಯೇ ಹೆಚ್ಚು. ಸಾಹೇಬರು ಜಕಾತಿ ತೆಗೆದುಕೊಳ್ಳುವುದನ್ನೇ ಬಿಟ್ಟರು.

"ಏನಲೇ ಅಳಿಯಾ, ನಿಮ್ಮ ದೇಶದಾಗ ಭಾಳ ಚಟ್ನಿ ಆಗಾಕತ್ತೈತಿ?" ಎಂದು ಮಾವ ಒಮ್ಮೆ ಕೇಳಿದರು.

"ಶೇಂಗಾ ಛಲೋ ಬಂದೈತ್ರಿ ಮಾವಾ."

"ಹೂಂ" ಎಂದು ರೊಟ್ಟಿ ಮುರಿದರು. ಸಾಹೇಬರು ನನ್ನನ್ನು ಆಚೆ ಕರೆದು ಹೇಳಿದರು: "ತಮ್ಮಾ, ನಿನ್ನ ಮಾವ ಪುಸ್ತಕ ಹಿಡ್ದು ಕುಂತಿರತಾರ, ಹಾಳಿ ತಿರುವೂದಿಲ್ಲ. ನೀ ಕುಟ್ಟಾಕ ಸುರು ಮಾಡಿದ್ರ ಕಣ್ಣು ಮುಚ್ಚತಾರ. ನಿಲ್ಲಿಸಿದ ಮ್ಯಾಲ ತಗೀತಾರ."

ಅಂದರೆ ಮಾವನಿಗೆ ತಿಳಿದಿತ್ತೇ? ತಿಳಿದಿತ್ತೆಂದರೆ ಯಾಕೆ ಬರಲಿಲ್ಲ? ನನಗೆ ಅನ್ನಿಸುವುದು ಹೀಗೆ: ಸದ್ದು ಇರುವ ತನಕ ಅವರಿಗೆ ಧೈರ್ಯ. ಒಳಕಲ್ಲು ಮಾತಾಡುತ್ತಿದೆಯೆಂದರೆ ಅಕ್ಕ ಇದ್ದಾಳೆ. ಆದರೆ ಇದು ಈಗ ನಾನು ಕೂಡಿಸಿದ ಅರ್ಥ. ಆಗ ನನಗೆ ರಟ್ಟೆ ನೋವೊಂದು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕಾಗದ ಬಂತು. ಹೊರಡುವ ಬೆಳಿಗ್ಗೆ ಓಣಿಯ ತುದಿಯಲ್ಲಿ ಟಾಂಗಾ ನಿಂತಿತು. ಮಳೆ ಆಗಷ್ಟೇ ನಿಂತಿತ್ತು. ಮಾವ ಮೊಣಕಾಲ ತನಕದ ಕೋಟು ತೊಟ್ಟು ಸಾಹೇಬರ ಕಟ್ಟೆ ಇಳಿದರು. ಸಾಹೇಬರು ಒಂದು ಕಟ್ಟು ಎಳೆಯ ಎಲೆ ಕೈಗಿಟ್ಟು, "ಅಲ್ಲಿ ದೊಡ್ಡ ಮಂದಿಗೆ ಕೊಡ್ರಿ, ಸವಣೂರು ಅಂದ್ರ ಏನಂತ ತಿಳೀಲಿ" ಎಂದರು. ಅವ್ವ ನಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಟ್ರಂಕು ನನ್ನ ತಲೆಯ ಮೇಲಿತ್ತು. ಹೀಗಾಗಿ ಒಳಕಲ್ಲು ಕುಟ್ಟುವವರು ಯಾರೂ ಇರಲಿಲ್ಲ. ಇಡೀ ಓಣಿ ಸದ್ದಿಲ್ಲದೆ ನಿಂತಿತ್ತು. ಆ ಮೌನದಲ್ಲಿ ಅವ್ವನ ಎದೆಯ ಹಳೆಯ ಬಾಗಿಲು ಒಮ್ಮೆ ಕಿರ್ರೆಂದಿತು.

ಮಾವ ಟಾಂಗಾದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ಆ ಕಾಲನ್ನು ಕೆಳಗಿಳಿಸಿದರು.

ಆ ಇಳಿಸುವಿಕೆಯನ್ನು ನಮ್ಮ ಓಣಿಯಲ್ಲಿ ಗುರುತಿಸದವರಿಲ್ಲ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಮಾವ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಓಣಿಯ ನಡುವೆ ನಿಂತರು.

"ಅಕ್ಕಾ…"

"ಏನೋ?"

"ಚಸ್ಮಾ ಮರ್ತೇನಿ."

ಚಸ್ಮಾ ಅವರ ಮೂಗಿನ ಮೇಲೆಯೇ ಇತ್ತು. ಓಣಿಯೆಲ್ಲ ನೋಡುತ್ತಿತ್ತು. ಯಾರೂ ನಗಲಿಲ್ಲ.

ಅವ್ವ ಅವರ ಮುಖವನ್ನು ನೋಡಿದಳು. "ಹೌದಪಾ" ಎಂದಳು. "ದೀಪದ ಗೂಡಿನ್ಯಾಗ ಐತಿ. ನಿಲ್ಲು, ತರ್ತೇನಿ. ನೀ ಅಲ್ಲೇ ನಿಲ್ಲು."

ಒಳಗೆ ಹೋದಳು. ಹೊರಗೆ ಬಂದಾಗ ಬಲಗೈ ಮುಷ್ಟಿ ಕಟ್ಟಿತ್ತು. ಹೊಸ್ತಿಲು ಇಳಿದಳು. ವಾರಗಳಿಂದ ನಡೆಯದ ಓಣಿಯನ್ನು ಎಲ್ಲಿಯೂ ನಿಲ್ಲದೆ, ಗೋಡೆ ಹಿಡಿಯದೆ ನಡೆದು ಬಂದಳು. ತಮ್ಮನ ಅಂಗೈ ತೆರೆದು, ತನ್ನ ಮುಷ್ಟಿಯೊಳಗಿನ ಇಲ್ಲದ್ದನ್ನು ಅದರಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ತಗೋ. ಜ್ವಾಪಾನ. ಇನ್ನೇನೂ ಮರ್ತಿಲ್ಲ. ಮರ್ತಿದ್ರೂ ಇಲ್ಲೇ ಇರತೈತಿ, ಎಲ್ಲೂ ಹೋಗೂದಿಲ್ಲ. ನಡಿ."

ಒಂದೇ ಉಸುರಿನಲ್ಲಿ ಹೇಳಿದಳು. ಅಷ್ಟು ಉದ್ದದ ಮಾತನ್ನು ಅವಳು ಒಂದೇ ಉಸುರಿನಲ್ಲಿ ಆಡಿದ್ದನ್ನು ನಾನು ಆ ಮಳೆಗಾಲದಲ್ಲಿ ಕೇಳಿರಲಿಲ್ಲ. ಮಾವ ತಿರುಗಿ ನಡೆದು ಟಾಂಗಾ ಹತ್ತಿದರು. ಟಾಂಗಾ ಮೂಲೆ ತಿರುಗಿದ ಮೇಲೆ ಅವ್ವ ಸಾಹೇಬರ ಕಟ್ಟೆಯ ಮೇಲೆ ಕುಸಿದು ಕೂತಳಂತೆ, ಸಾಹೇಬರ ಹೆಂಡತಿ ಬಹಳ ಹೊತ್ತು ಬೆನ್ನು ನೀವಿದರಂತೆ. ಅದನ್ನು ನಾನು ನೋಡಲಿಲ್ಲ. ಟ್ರಂಕಿನ ಜೊತೆ ಹುಬ್ಬಳ್ಳಿಗೆ ಹೊರಟಿದ್ದೆ.

ನಾನು ನೋಡಿದ್ದು ಇಷ್ಟು: ಬಸ್ಸಿನಲ್ಲಿ ಕಂಡಕ್ಟರ್ ಟಿಕೀಟು ಕೊಟ್ಟಾಗ ಮಾವ ಎಡಗೈಯಲ್ಲಿ ತೆಗೆದುಕೊಂಡರು. ಶಿಗ್ಗಾಂವಿಯಲ್ಲಿ ದೊಡ್ಡವ್ವ ಗಂಟು ಹಿಡಿದು ನಿಂತಿದ್ದಳು, ಅದನ್ನೂ ಎಡಗೈಯಲ್ಲಿಯೇ ಅವಚಿಕೊಂಡರು. "ದೊಡ್ಡಾಂವ ಆದ, ಎಡಗೈಲೆ ತಗೋತಾನ" ಎಂದು ಅವಳು ಸಿಟ್ಟಾದಳು. ಹುಬ್ಬಳ್ಳಿಯಲ್ಲಿ ರೈಲು ಹೊರಟಾಗ ಎಲ್ಲರೂ ಕಿಟಕಿಯಿಂದ ಕೈ ಬೀಸುತ್ತಿದ್ದರು. ಮಾವ ಮುಷ್ಟಿ ಬೀಸಿದರು.

ಹೊಳ್ಳಲಿಲ್ಲ. ಹೋದರು, ಎರಡು ತಿಂಗಳು ಇದ್ದರು. ಆ ಎರಡು ತಿಂಗಳು ನಾವು ಚಟ್ನಿ ಕುಟ್ಟಲಿಲ್ಲ. ಅವ್ವ ಮನಸ್ಸು ಬಿಚ್ಚಿ ಕೆಮ್ಮಿದಳು.

ಪ್ರಾಗಿನ ಬಗ್ಗೆ ಮಾವ ಒಂದು ಸಾಲೂ ಬರೆಯಲಿಲ್ಲ. ಪತ್ರಿಕೆಯವರು ಕೇಳಿ ಕೇಳಿ ಸೋತರು. ನಾನು ಕೇಳಿದಾಗ ಹೇಳಿದ್ದು ಇಷ್ಟೇ: "ಥಂಡಿ ಐತಿ. ಮಂದಿ ಛಲೋ. ಚಟ್ನಿ ಕುಟ್ಟೂ ಸಪ್ಪಳಿಲ್ಲ ನೋಡು, ನಿದ್ದಿನ ಬರ್ಲಿಲ್ಲ."

ಅವರು ಬಂದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಇಳಿಸುತ್ತ ಹಿಂದೆ ಉಳಿದೆ. ಆದ್ದರಿಂದ ಇದು ಸಾಹೇಬರು ಕಂಡದ್ದು. ಅವರು ಮಾತಿಗೆ ಸ್ವಲ್ಪ ಬಣ್ಣ ಹಚ್ಚುವವರು, ಕತೆಯೂ ತೀರ ಸರಿಯಾಗಿ ಕೂಡುತ್ತದೆ. ನನ್ನ ನಿಯಮದ ಪ್ರಕಾರ ನಾನು ನಂಬಬಾರದು.

ಮಾವ ನೆಟ್ಟಗೆ ಬಂದು ಹೊಸ್ತಿಲ ಹೊರಗೆ ನಿಂತರಂತೆ.

"ಅಕ್ಕಾ, ಅದೀಯೇನ?"

"ಅದೇನಪಾ. ನಾ ಎಲ್ಲಿ ಹೋಗ್ಲಿ?"

ಒಳಗೆ ಕಾಲಿಟ್ಟು, ಬಲಗೈಯ ಮುಷ್ಟಿಯನ್ನು ಅವ್ವನ ಅಂಗೈಯ ಮೇಲಿಟ್ಟು ಬಿಚ್ಚಿದರಂತೆ. "ತಗೋ. ಎಲ್ಲೂ ಬಿಟ್ಟು ಬಂದಿಲ್ಲ" ಎಂದರಂತೆ. ಅವ್ವ ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದಳಂತೆ.

ನಂಬಬಾರದು, ನಿಜ. ಆದರೆ ನಮ್ಮ ಮನೆಯ ದೀಪದ ಗೂಡಿನಲ್ಲಿ, ದೀಪದ ಬಲಕ್ಕೆ, ಒಂದು ಗೇಣಿನಷ್ಟು ಜಾಗ ಅಂದಿನಿಂದ ಖಾಲಿ ಇದೆ. ಅವ್ವ ಅಲ್ಲಿ ಏನನ್ನೂ ಇಡಗೊಡಲಿಲ್ಲ. ಈಗ ಅವಳಿಲ್ಲ, ಮಾವನೂ ಇಲ್ಲ. ದೀಪ ಒರೆಸುವಾಗ ನಾನು ಎಣ್ಣೆಯ ಬಟ್ಟಲನ್ನು ಎಡಕ್ಕೇ ಸರಿಸುತ್ತೇನೆ.